ಕೈಮಾತಿನ ದುಭಾಷಿಗಳು

ಬಾನುಲಿಯ ಮುಂದೆ ಕುಳಿತು ಭಾಷಣ ಕೇಳುವ ನಮಗೆ, ಮಾತೆಂದರೆ ಕಿವಿಯ ವಿಷಯವೆಂಬ ನಂಬಿಕೆ ಸಹಜ. ಆದರೆ ಕೈಯಿಂದ ನುಡಿದು ಕಣ್ಣಿನಿಂದ ಕೇಳುವ ಭಾಷೆಗಳೂ ಉಂಟು. ಆ ನುಡಿಯನ್ನು ನಮಗೂ, ನಮ್ಮ ನುಡಿಯನ್ನು ಕಿವುಡರಿಗೂ ದಾಟಿಸುವ ದುಭಾಷಿಗಳ ಶಿಕ್ಷಣ ಬೆಳೆದುಬಂದ ಬಗೆಯನ್ನು ವಾಚಕರು ಅರಿಯತಕ್ಕದ್ದು.

18ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಪಾದ್ರಿ ದ ಲೆಪೆ ಕಿವುಡ ಮಕ್ಕಳಿಗೆ ಸನ್ನೆಗಳ ಮೂಲಕವೇ ವಿದ್ಯೆ ಕಲಿಸಿದನು. ಆದರೆ 1880ರಲ್ಲಿ ಇಟಲಿಯ ಮಿಲಾನಿನಲ್ಲಿ ನೆರೆದ ಶಿಕ್ಷಕರ ಸಮ್ಮೇಳನವು, ತುಟಿಯ ಚಲನೆ ನೋಡಿ ಬಾಯಿಂದ ನುಡಿಯುವ ಕ್ರಮವೇ ಶ್ರೇಷ್ಠವೆಂದು ನಿರ್ಣಯಿಸಿತು. ಮತವಿತ್ತವರು ಬಹುಮಟ್ಟಿಗೆ ಕಿವಿ ಕೇಳುವವರೇ! ಅನೇಕ ಶಾಲೆಗಳಿಂದ ಸನ್ನೆ ಹೊರಬಿತ್ತು. ಶಾಲೆಗೇ ಬೇಡವಾದ ಭಾಷೆಗೆ ದುಭಾಷಿಗಳನ್ನು ತಯಾರಿಸುವವರು ಯಾರು? ವೈದ್ಯರ ಬಳಿ, ಕಚೇರಿಯಲ್ಲಿ ಕಿವುಡ ತಂದೆತಾಯಿಗಳ ಮಾತು ದಾಟಿಸುವ ಹೊಣೆ ಕಿವಿ ಕೇಳುವ ಮಕ್ಕಳ ಮೇಲೆ ಬಿತ್ತು. ರೋಗ ವಾಸಿಯಾಗದೆಂಬ ಮಾತನ್ನು ಹತ್ತು ವರ್ಷದ ಮಗು ತಂದೆಗೇ ಹೇಳಬೇಕಾದರೆ ಅದರ ಸಂಕಟವೆಂಥದು, ನೀವೇ ಯೋಚಿಸಿ.

1960ರಲ್ಲಿ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನ ಅಧ್ಯಾಪಕ ವಿಲಿಯಂ ಸ್ಟೋಕಿ, ಅಮೆರಿಕದ ಸನ್ನೆಭಾಷೆಗೆ ತನ್ನದೇ ರಚನೆಯುಂಟೆಂದು ತೋರಿಸಿದರು. 1964ರಲ್ಲಿ ಇಂಡಿಯಾನ ಸಂಸ್ಥಾನದ ಮನ್ಸಿ ಪಟ್ಟಣದಲ್ಲಿ ಸೇರಿದ ಕಾರ್ಯಾಗಾರದಿಂದ ಅಲ್ಲಿನ ದುಭಾಷಿಗಳ ಸಂಘ ಹುಟ್ಟಿತು. ಅರ್ಹತೆ, ಪರೀಕ್ಷೆ, ನೀತಿಸಂಹಿತೆ ಕ್ರಮವಾಗಿ ರೂಪುಗೊಂಡವು.

ಸನ್ನೆಗಳನ್ನು ಬಾಯಿಪಾಠ ಮಾಡಿದರೆ ಸಾಲದು. ಭಾರತೀಯ ಸಂಜ್ಞಾಭಾಷೆಯಲ್ಲಿ ಪ್ರಶ್ನಪದವೂ ನಿಷೇಧಪದವೂ ವಾಕ್ಯದ ಕೊನೆಯಲ್ಲಿ ಬರುತ್ತವೆ. 'ಹೌದೋ ಅಲ್ಲವೋ' ಎಂಬ ಪ್ರಶ್ನೆಯನ್ನು ಹುಬ್ಬು ಸೂಚಿಸುತ್ತದೆ. ಮುಖವೂ ವ್ಯಾಕರಣದ ಅಂಗವೇ. ಕಿವುಡನು 'ನಾನು' ಎಂದರೆ ದುಭಾಷಿಯೂ 'ನಾನು' ಎಂದೇ ಹೇಳಬೇಕು. 'ಅವನು' ಎಂದು ತಿರುಗಿಸಬಾರದು. ತನ್ನದೊಂದು ಮಾತನ್ನು ಸೇರಿಸಬಾರದು, ಕೇಳಿದ ಗುಟ್ಟನ್ನು ಹೊರಗೆಡಹಬಾರದು. ಬಹುಕಾಲ ಒಬ್ಬರೇ ದುಡಿದರೆ ದಣಿವಿನಿಂದ ತಪ್ಪು ನುಸುಳುವುದರಿಂದ, ದೀರ್ಘ ಸಭೆಗಳಲ್ಲಿ ಇಬ್ಬರು ಸರದಿಯಂತೆ ನಿಲ್ಲುತ್ತಾರೆ.

ನಮ್ಮ ದೇಶದಲ್ಲಿ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ದುಭಾಷಿಗಳಿಗೆ ಡಿಪ್ಲೊಮಾ ಶಿಕ್ಷಣವನ್ನೂ ಅದು ಕೊಡುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸಂಜ್ಞಾಭಾಷೆಯನ್ನೂ ಸಂವಹನದೊಳಗೆ ಸೇರಿಸಿತು. ಇದರ ಫಲವನ್ನು ಕನ್ನಡನಾಡು ಹತ್ತಿರದಿಂದ ಕಂಡಿದೆ. ಬೆಂಗಳೂರಿನ ವಕೀಲೆ ಸಾರಾ ಸನ್ನಿಯವರಿಗೆ ಕಿವಿ ಕೇಳದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ, 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿಯೂ ಅವರು ದುಭಾಷಿಯ ನೆರವಿನಿಂದ ಹಾಜರಾದರು.

ಅಲ್ಲಿ ಕೇಳಿಬಂದ ಧ್ವನಿ ದುಭಾಷಿಯದು. ವಾದ ಮಾತ್ರ ವಕೀಲೆಯದು. ಈ ಅಂತರವನ್ನು ಕೆಡದಂತೆ ಕಾಯುವುದಕ್ಕಾಗಿಯೇ ಇಷ್ಟೆಲ್ಲ ಶಿಕ್ಷಣ. ನಿಮ್ಮೂರಿನಲ್ಲಿ ಎಂದಾದರೂ ಕಿವುಡರೊಬ್ಬರು ದುಭಾಷಿಯೊಡನೆ ಎದುರಾದರೆ, ದುಭಾಷಿಯನ್ನಲ್ಲ, ಅವರನ್ನೇ ನೋಡಿ ಮಾತಾಡಿ.