ಓವರ್‌ಲೋಡ್ ಎಂದರೆ ಎಷ್ಟು?

ರಾತ್ರಿ ಫ್ಯೂಸ್ ಹೋದಾಗ ಮೇಣದಬತ್ತಿ ಹಿಡಿದುಕೊಂಡು, ಪಿಂಗಾಣಿಯ ಕಿಟ್‌ಕ್ಯಾಟ್ ಎಳೆದು, ಹಳೆಯ ವೈರಿನಿಂದ ತಾಮ್ರದ ಎಳೆ ಕಿತ್ತು ಸುತ್ತಿದ ನೆನಪು ನಲವತ್ತು ದಾಟಿದ ಬಹಳಷ್ಟು ಮಂದಿಗೆ ಇದ್ದೀತು. ಒಂದೆಳೆ ನಿಲ್ಲದಿದ್ದರೆ ಎರಡೆಳೆ, ಅದೂ ಹೋದರೆ ಮೂರೆಳೆ. ಆ ಮನೆಯಲ್ಲಿ ಓವರ್‌ಲೋಡ್ ಎಂದರೆ ಎಷ್ಟು ಎಂಬುದನ್ನು ತೀರ್ಮಾನಿಸುತ್ತಿದ್ದುದು ಕೈಗೆ ಸಿಕ್ಕ ತಂತಿ. ಸರ್ಕ್ಯೂಟಿನ ಕರೆಂಟಿನ ಮೇಲೆ ಕಣ್ಣಿಡುವ ವಿದ್ಯೆಗೆ ಈಗ 140 ವರ್ಷ ದಾಟಿದೆ. ಉಪಕರಣಗಳು ಗುರುತು ಸಿಗದಷ್ಟು ಬದಲಾಗಿವೆ, ಗೆರೆ ಎಲ್ಲಿ ಎಳೆಯಬೇಕೆಂಬ ತಕರಾರು ಮಾತ್ರ ಹಾಗೇ ಇದೆ.

ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಜೌಲ್ 1841ರಲ್ಲೇ ತೋರಿಸಿದ್ದ. ಕರೆಂಟು ಶೇ. 20 ಹೆಚ್ಚಿದರೆ ಶಾಖ ಶೇ. 44 ಹೆಚ್ಚುತ್ತದೆ. ಸಿಡಿಲಿನಿಂದ ಟೆಲಿಗ್ರಾಫ್ ಕಚೇರಿಗಳನ್ನು ಕಾಯಲು ಸಣ್ಣ ತಂತಿಯ ತುಂಡು ಸೇರಿಸಿ ಎಂದು ಫ್ರಾನ್ಸಿನ ಬ್ರೆಗೆ ಹೇಳಿದ್ದು 1847ರಲ್ಲಿ. ಎಡಿಸನ್ 1880ರಲ್ಲಿ ಅದನ್ನೇ ದೀಪದ ಲೈನುಗಳಿಗೆ ತಂದ. ಫ್ಯೂಸ್ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಎಷ್ಟು ಕರೆಂಟು ಹರಿಯಿತು, ಎಷ್ಟು ಹೊತ್ತು ಹರಿಯಿತು ಎಂದು ಹೇಳದೆ ಸಾಯುತ್ತದೆ.

ಮನ್‌ಹೈಮ್‌ನ ಹ್ಯೂಗೋ ಸ್ಟಾಟ್ಜ್ 1924ರಲ್ಲಿ ಪೇಟೆಂಟ್ ಪಡೆದ ಪುಟ್ಟ ಬ್ರೇಕರ್, ಅಂದರೆ ನಮ್ಮ ಎಂಸಿಬಿ, ಸತ್ತ ಮೇಲೆ ಮತ್ತೆ ಎದ್ದು ನಿಲ್ಲುವ ಫ್ಯೂಸ್. ಶಾರ್ಟ್ ಆದರೆ ಅದರೊಳಗಿನ ಸುರುಳಿ ಕ್ಷಣದಲ್ಲಿ ಎಳೆದು ಬಿಡಿಸುತ್ತದೆ, ಲೋಡ್ ಹೆಚ್ಚಾದರೆ ಎರಡು ಲೋಹದ ಪಟ್ಟಿ ನಿಧಾನವಾಗಿ ಬಾಗಿ ಬಿಡಿಸುತ್ತದೆ. ಅದರ ಮೇಲೆ 16 ಎಂದು ಬರೆದಿದ್ದರೆ 16 ಆಂಪಿಯರ್ ದಾಟಿದ ಕೂಡಲೇ ಬೀಳುತ್ತದೆ ಎಂದು ನಂಬಬೇಡಿ. ಈಗಿನ ಮಾನದಂಡದಂತೆ ಸುಮಾರು 18 ಆಂಪಿಯರಿಗೆ ಒಂದು ಗಂಟೆ ಬೀಳಬಾರದು, 23 ದಾಟಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಡುವಿನದು ಪಟ್ಟಿಯ ಮರ್ಜಿ.

ಸಬ್‌ಸ್ಟೇಷನ್ನಿನ ಕಥೆ ಬೇರೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಹರಿದಾಗ ಲೈನಿನಲ್ಲಿದ್ದುದು ಸುಮಾರು 30 ಸಾವಿರ ವೋಲ್ಟ್. ಅಂಥ ಲೈನಿಗೆ ನೇರವಾಗಿ ಮೀಟರ್ ಜೋಡಿಸಿ ನೋಡಲಾಗದು. ನೂರಾರು ಆಂಪಿಯರನ್ನು 5ಕ್ಕೋ 1ಕ್ಕೋ ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ, ಈ ವಿದ್ಯೆಯ ನಿಜವಾದ ಕಣ್ಣು. (ಲೈನು ಚಾಲೂ ಇರುವಾಗ ಸಿಟಿಯ ಸೆಕೆಂಡರಿ ಬಿಚ್ಚಿದರೆ ಪ್ರಾಣಕ್ಕೇ ಕುತ್ತು, ಹೊಸಬರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು.) ಸಿಟಿ ಕೊಟ್ಟ ಕರೆಂಟು, ಬ್ರೇಕರಿಗೆ ಬೀಳಲು ಹೇಳುವ ರಿಲೇಯಲ್ಲಿ ಒಂದು ಅಲ್ಯೂಮಿನಿಯಂ ಬಿಲ್ಲೆಯನ್ನು ತಿರುಗಿಸುತ್ತಿತ್ತು. ನಮ್ಮ ಹಳೆಯ ಮನೆ ಮೀಟರಿನಲ್ಲಿ ತಿರುಗುತ್ತಿದ್ದ ಬಿಲ್ಲೆಯ ದಾಯಾದಿ ಅದು. ಕರೆಂಟು ಹೆಚ್ಚಿದಷ್ಟೂ ಅದರ ವೇಗ ಹೆಚ್ಚು, ಬ್ರೇಕರ್ ಬೀಳುವುದೂ ಬೇಗ. ಬಿದ್ದ ಮೇಲೆ ರಿಲೇಯ ಗಾಜಿನ ಹಿಂದೆ ಒಂದು ಫ್ಲ್ಯಾಗ್ ಇಳಿಯುತ್ತಿತ್ತು. ಆಮೇಲೆ ಹೂಟರ್ ಬಂತು, ಮಿನುಗುವ ಕಿಟಕಿಗಳ ಅಲಾರಂ ಫಲಕ ಬಂತು, ಸದ್ದು ಅಡಗಿಸಲು ಒತ್ತುವ ಬಟನ್ ಬಂತು. ಟ್ರಿಪ್ ಯಂತ್ರದ ತೀರ್ಪು. ಅಲಾರಂ ಮನುಷ್ಯನಿಗೆ ಕೊಟ್ಟ ಗಡುವು.

ಗೆರೆ ತಪ್ಪಿದರೆ ಏನಾಗುತ್ತದೆ ಎಂಬುದು 1965ರ ನವೆಂಬರ್ 9ರ ಸಂಜೆ ಗೊತ್ತಾಯಿತು. ಕೆನಡಾದ ಸರ್ ಆಡಂ ಬೆಕ್ ಕೇಂದ್ರದ ಒಂದು ರಿಲೇಯ ಸೆಟ್ಟಿಂಗು ಹಳೆಯದಾಗಿಯೇ ಉಳಿದಿತ್ತು, ಲೈನಿನ ಲೋಡ್ ಬೆಳೆದಿತ್ತು. ಏನೂ ಕೆಡದ ಲೈನನ್ನು ರಿಲೇ ಕಡಿಯಿತು, ಪಕ್ಕದ ಲೈನುಗಳ ಮೇಲೆ ಭಾರ ಬಿತ್ತು, ಸುಮಾರು 3 ಕೋಟಿ ಜನ ಕತ್ತಲಲ್ಲಿ ಕೂತರು.

ಕಂಪ್ಯೂಟರಿನಿಂದ ಲೈನು ಕಾಯಬಹುದೆಂದು ಎಂಜಿನಿಯರ್ ಜಾರ್ಜ್ ರಾಕ್‌ಫೆಲರ್ 1969ರಲ್ಲಿ ಬರೆದರು. ಮೈಕ್ರೊಪ್ರೊಸೆಸರ್ ರಿಲೇಯನ್ನು ಎಡ್ಮಂಡ್ ಶ್ವೈಟ್ಜರ್ 1984ರಲ್ಲಿ ಮಾರುಕಟ್ಟೆಗೆ ತಂದರು. ಆ ಮೇಲೆ ಬಿಲ್ಲೆ ತಿರುಗಬೇಕಾಗಿರಲಿಲ್ಲ, ಅಂಕಿಗಳು ಸಾಕಾದವು. ಆದರೂ 2003ರ ಆಗಸ್ಟ್ 14ರಂದು ಒಹಾಯೋದ ಒಂದು ನಿಯಂತ್ರಣ ಕೊಠಡಿಯಲ್ಲಿ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತುಹೋಯಿತು. ಅಲಾರಂ ಬಾರದ್ದನ್ನು ಎಲ್ಲವೂ ಸರಿಯಿದೆ ಎಂದು ಆಪರೇಟರುಗಳು ತಿಳಿದರು. ಲೈನುಗಳು ಒಂದರ ಹಿಂದೊಂದು ಬಿದ್ದು ಮತ್ತೆ ಕತ್ತಲಾಯಿತು. ಆಗ ಮೊದಲು ಮರಕ್ಕೆ ತಗುಲಿ ಬಿದ್ದ ಲೈನಿನ ಮೇಲಿದ್ದುದು ಅದರ ಸಾಮರ್ಥ್ಯದ ಶೇ. 44ರಷ್ಟು ಲೋಡ್ ಮಾತ್ರ! ಆಂಪಿಯರ್ ಒಂದನ್ನೇ ನೋಡುತ್ತ ಕೂತವನಿಗೆ ಆ ಮರ ಕಾಣುವುದಿಲ್ಲ.

ನಮ್ಮಲ್ಲಿ 2012ರ ಜುಲೈ 30ರ ನಸುಕಿನಲ್ಲಿ ಬಿನಾ–ಗ್ವಾಲಿಯರ್ ಲೈನಿನ ರಿಲೇ ಭಾರೀ ಲೋಡನ್ನೇ ದೂರದ ದೋಷವೆಂದು ಭ್ರಮಿಸಿ ಲೈನು ಬಿಡಿಸಿತು. ಉತ್ತರದ ಗ್ರಿಡ್ ಕುಸಿಯಿತು, ಮರುದಿನ ಪೂರ್ವ ಮತ್ತು ಈಶಾನ್ಯದ ಗ್ರಿಡ್‌ಗಳೂ ಜೊತೆಗೆ ಬಿದ್ದವು. ಕರ್ನಾಟಕಕ್ಕೆ ಬಿಸಿ ತಟ್ಟಲಿಲ್ಲ. ದಕ್ಷಿಣದ ಗ್ರಿಡ್ ಆಗಿನ್ನೂ ಬೇರೆಯೇ ಇತ್ತು, 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನಿನ ಮೂಲಕ ಅದು ದೇಶದ ಗ್ರಿಡ್ಡಿಗೆ ಸೇರಿತು.

ಬೆಂಗಳೂರಿನ ಡೇಟಾ ಸೆಂಟರಿಗೆ ಹೋದರೆ ಪ್ರತಿ ಸರ್ಕ್ಯೂಟಿಗೂ ಒಂದು ಸಿಟಿ, ಪ್ರತಿ ರ‍್ಯಾಕಿಗೂ ಒಂದು ಅಂಕಿ. ಶೇ. 80ಕ್ಕೆ ಅಲಾರಂ ಇಡುವುದು ರೂಢಿ. ಆದರೆ ಸರ್ವರಿಗೆ ಎರಡು ಕಡೆಯಿಂದ ಕರೆಂಟು ಬರುತ್ತಿದ್ದರೆ ಆ ಅಂಕಿ ಮೋಸ: ಎರಡೂ ಫೀಡು ಶೇ. 70ರಲ್ಲಿ ಸುಮ್ಮನಿರುತ್ತವೆ, ಒಂದು ಹೋದರೆ ಇನ್ನೊಂದರ ಮೇಲೆ ಶೇ. 140. ಅಲ್ಲಿ ಕೂಗಬೇಕಾದುದು ಶೇ. 40ಕ್ಕೇ.

ಊರ ಹೊರಗಿನ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ ಬಳಿ ಇಷ್ಟೆಲ್ಲ ಇಲ್ಲ. 63 ಕೆವಿಎ ಟಿಸಿ ಸುಮಾರು 84 ಆಂಪಿಯರ್ ಹೊರಬಲ್ಲದು. ಐದು ಎಚ್‌ಪಿ ಪಂಪ್‌ಸೆಟ್ಟಿಗೆ ಏಳೆಂಟು ಆಂಪಿಯರ್ ಎಂದುಕೊಂಡರೆ ಹತ್ತೋ ಹನ್ನೊಂದೋ ಪಂಪಿಗೆ ಲೆಕ್ಕ ಮುಗಿಯಿತು. ಆಟೋ ಸ್ಟಾರ್ಟರ್ ಹಾಕಿಟ್ಟಿದ್ದರೆ, ತ್ರೀ ಫೇಸ್ ಬಂದ ಕ್ಷಣ ಎಲ್ಲ ಪಂಪುಗಳೂ ಒಟ್ಟಿಗೇ ಏಳುತ್ತವೆ, ಪ್ರತಿಯೊಂದೂ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಫ್ಯೂಸ್ ಹಾರುತ್ತದೆ. ಲೈನ್‌ಮನ್ ಬಂದು ಟಾಂಗ್ ಟೆಸ್ಟರ್ ಹಿಡಿದು ಒಂದೊಂದೇ ಫೇಸ್ ನೋಡಿ, ಯಾರ ಕನೆಕ್ಷನ್ ಹೆಚ್ಚಾಯಿತು ಎಂದು ಕೇಳುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಅವನು ಫ್ಯೂಸಿಗೆ ಇನ್ನೊಂದು ಎಳೆ ಸೇರಿಸಿ ಸುತ್ತುತ್ತಾನೆ.