ಹಲ್ಲಿನ ಕ್ಲಿಪ್ಪಿನಿಂದ ಲಾಲಾರಸಕ್ಕೆ ಸೇರುವ ಲೋಹ: ಅಪಾಯವೆಷ್ಟು?

ಓರೆಕೋರೆಯಾದ ಹಲ್ಲುಗಳನ್ನು ಸಾಲಿಗೆ ತರಲು ಅಳವಡಿಸುವ ಬ್ರಾಕೆಟ್ ಮತ್ತು ತಂತಿಗಳು, ಅಂದರೆ ಜನರ ಮಾತಿನಲ್ಲಿ 'ಕ್ಲಿಪ್ಪು', ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬಾಯಿಯಲ್ಲೇ ಇರುತ್ತವೆ. ಹಗಲಿರುಳು ಲಾಲಾರಸದಲ್ಲಿ ನೆನೆಯುವ ಈ ಲೋಹ ಕರಗುವುದಿಲ್ಲವೇ, ಕರಗಿದರೆ ಬೆಳೆಯುವ ಮಕ್ಕಳಿಗೆ ಹಾನಿಯಾಗದೇ ಎಂಬ ಪ್ರಶ್ನೆ ಪೋಷಕರಲ್ಲಿ ಏಳುವುದು ಸಹಜ. ಲೋಹ ಅತ್ಯಲ್ಪ ಪ್ರಮಾಣದಲ್ಲಿ ಕರಗುವುದು ನಿಜ. ಬಹುತೇಕರಿಗೆ ಅದರಿಂದ ತೊಂದರೆಯಿಲ್ಲ. ಆದರೆ ನಿಕಲ್ ಅಲರ್ಜಿ ಇರುವವರ ವಿಷಯದಲ್ಲಿ ಎಚ್ಚರ ಅಗತ್ಯ.

ಕ್ಲಿಪ್ಪಿನಲ್ಲಿರುವ ಲೋಹಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಚಿಕಿತ್ಸೆಗೆ ಚಿನ್ನದ ಮಿಶ್ರಲೋಹ ಬಳಕೆಯಲ್ಲಿತ್ತು. 1930ರ ದಶಕದಿಂದ ಸ್ಟೇನ್‌ಲೆಸ್ ಸ್ಟೀಲ್ ಅದರ ಸ್ಥಾನವನ್ನು ಆಕ್ರಮಿಸತೊಡಗಿತು. ಇದರಲ್ಲಿ ಸುಮಾರು ಶೇ. 18ರಷ್ಟು ಕ್ರೋಮಿಯಂ ಮತ್ತು ಶೇ. 8ರಷ್ಟು ನಿಕಲ್ ಇರುತ್ತದೆ. ಅಡುಗೆಮನೆಯ ಉತ್ತಮ ದರ್ಜೆಯ ಸ್ಟೀಲ್ ಪಾತ್ರೆಗಳೂ ಇದೇ ವರ್ಗಕ್ಕೆ ಸೇರಿದವು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ರೂಪಿಸಿದ ನಿಕಲ್-ಟೈಟಾನಿಯಂ ಮಿಶ್ರಲೋಹ 'ನಿಟಿನಾಲ್', 1970ರ ದಶಕದಲ್ಲಿ ಜಾರ್ಜ್ ಆಂಡ್ರಿಯಾಸೆನ್ ಅವರ ಪ್ರಯತ್ನದಿಂದ ದಂತಚಿಕಿತ್ಸೆಗೆ ಬಂದಿತು. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಹಾಕುವ, ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುವ ಈ ತಂತಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ನಿಕಲ್.

ಕರಗುವ ಬಗೆ

ಸ್ಟೀಲಿನ ಮೇಲೆ ಕ್ರೋಮಿಯಂ ಆಕ್ಸೈಡಿನ, ನಿಟಿನಾಲ್ ಮೇಲೆ ಟೈಟಾನಿಯಂ ಆಕ್ಸೈಡಿನ ತೆಳುವಾದ ಪೊರೆ ತಾನಾಗಿಯೇ ಉಂಟಾಗಿ ಲೋಹವನ್ನು ರಕ್ಷಿಸುತ್ತದೆ. ಲಾಲಾರಸದಲ್ಲಿನ ಕ್ಲೋರೈಡ್, ಹಲ್ಲಿನ ಮೇಲಿನ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಆಮ್ಲ, ಹುಳಿಯಾದ ತಂಪುಪಾನೀಯಗಳು ಹಾಗೂ ತಂತಿ-ಬ್ರಾಕೆಟ್‌ಗಳ ತಿಕ್ಕಾಟ ಈ ಪೊರೆಯನ್ನು ಅಲ್ಲಲ್ಲಿ ಭೇದಿಸುತ್ತವೆ. ಎರಡು ಭಿನ್ನ ಲೋಹಗಳು ಲಾಲಾರಸದಲ್ಲಿ ಒಂದಕ್ಕೊಂದು ತಾಗಿದಾಗ ಪುಟ್ಟ ಬ್ಯಾಟರಿಯಂತೆ ವರ್ತಿಸಿ, ಅವುಗಳಲ್ಲೊಂದು ಬೇಗ ನಶಿಸುವುದೂ ಉಂಟು. ಹೀಗೆ ನಿಕಲ್ ಮತ್ತು ಕ್ರೋಮಿಯಂ ಅಯಾನುಗಳು ಲಾಲಾರಸಕ್ಕೆ ಸೇರುತ್ತವೆ.

ಪ್ರಮಾಣ ಎಷ್ಟು?

1983ರಲ್ಲಿ ಪ್ರಕಟವಾದ ಪ್ರಯೋಗಾಲಯ ಅಧ್ಯಯನವೊಂದರಲ್ಲಿ, ಪೂರ್ಣ ಬಾಯಿಯ ಉಪಕರಣದಿಂದ ದಿನಕ್ಕೆ ಸರಾಸರಿ 40 ಮೈಕ್ರೋಗ್ರಾಂ ನಿಕಲ್ ಮತ್ತು 36 ಮೈಕ್ರೋಗ್ರಾಂ ಕ್ರೋಮಿಯಂ ಹೊರಬಂದಿತು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಬೇಳೆಕಾಳು, ಗೋಡಂಬಿ, ಚಾಕೊಲೇಟ್ ಮುಂತಾದ ಆಹಾರದಿಂದಲೂ ನಿಕಲ್ ನಿತ್ಯ ದೇಹ ಸೇರುತ್ತದೆ. ಸಾಮಾನ್ಯವಾಗಿ ಆ ಪ್ರಮಾಣ ಇದಕ್ಕಿಂತ ಹೆಚ್ಚು. 1993ರ ಇನ್ನೊಂದು ಪ್ರಯೋಗದಲ್ಲಿ ನಿಕಲ್ ಬಿಡುಗಡೆ ಮೊದಲ ವಾರದಲ್ಲಿ ಗರಿಷ್ಠವಿದ್ದು ಅನಂತರ ಇಳಿಯಿತು.

ಅಲರ್ಜಿಯ ಪ್ರಶ್ನೆ

ಅಲರ್ಜಿಗೆ ವಿಷಪ್ರಮಾಣದ ಲೆಕ್ಕ ಅನ್ವಯಿಸುವುದಿಲ್ಲ. ಒಮ್ಮೆ ನಿಕಲ್‌ಗೆ ಸಂವೇದನೆ ಬೆಳೆದವರ ದೇಹ ಅಲ್ಪಾಂಶಕ್ಕೂ ಪ್ರತಿಕ್ರಿಯಿಸಬಹುದು. ಇಂತಹ ಸಂವೇದನೆ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಕಿವಿ ಚುಚ್ಚಿಸಿಕೊಂಡು ನಿಕಲ್ ಬೆರೆತ ಅಗ್ಗದ ಆಭರಣ ಧರಿಸುವುದು ಇದಕ್ಕೆ ಪ್ರಮುಖ ಕಾರಣ. ಓಲೆ, ಕೈಗಡಿಯಾರ ಅಥವಾ ಬೆಲ್ಟಿನ ಬಕಲ್ ತಾಗಿದಲ್ಲಿ ತುರಿಕೆ, ಕೆಂಪು ದದ್ದು ಆಗುತ್ತಿದ್ದರೆ ಕ್ಲಿಪ್ ಹಾಕಿಸುವ ಮುನ್ನವೇ ದಂತವೈದ್ಯರಿಗೆ ತಿಳಿಸಬೇಕು. ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ನಡೆಸುವ 'ಪ್ಯಾಚ್ ಟೆಸ್ಟ್' ಅಲರ್ಜಿಯನ್ನು ಖಚಿತಪಡಿಸುತ್ತದೆ.

ಬಾಯಿಯಲ್ಲಿ ಉರಿ, ತುಟಿಯ ಅಂಚು ಬಿರಿಯುವುದು, ಮುಖದಲ್ಲಿ ದದ್ದು, ಚೆನ್ನಾಗಿ ಹಲ್ಲುಜ್ಜಿದರೂ ಇಳಿಯದ ಒಸಡಿನ ಊತ ಇದರ ಲಕ್ಷಣಗಳಾಗಿರಬಹುದು. ಆದರೆ ಒಸಡು ಊದಲು ಬಹುಪಾಲು ಕಾರಣ ಶುಚಿತ್ವದ ಕೊರತೆಯೇ ಆಗಿರುವುದರಿಂದ ದುಡುಕಿ ತೀರ್ಮಾನಿಸಬಾರದು. ತಂತಿಯನ್ನು ತಾವೇ ಕೀಳಲೂಬಾರದು. ಅಲರ್ಜಿ ಖಚಿತವಾದವರಿಗೆ ಸೆರಾಮಿಕ್ ಅಥವಾ ಟೈಟಾನಿಯಂ ಬ್ರಾಕೆಟ್, ನಿಕಲ್‌ರಹಿತ ಬೀಟಾ-ಟೈಟಾನಿಯಂ ತಂತಿ, ಪಾರದರ್ಶಕ ಪ್ಲಾಸ್ಟಿಕ್ ಅಲೈನರ್‌ಗಳು ಲಭ್ಯವಿವೆ.

ಪಾಲಿಸಬೇಕಾದ ಕ್ರಮ

ತಂಪುಪಾನೀಯ ಮಿತಗೊಳಿಸುವುದು, ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸುವುದು, ದಿನಕ್ಕೆರಡು ಬಾರಿ ಹಲ್ಲುಜ್ಜುವುದು ಲೋಹ ನಶಿಸುವುದನ್ನು ತಗ್ಗಿಸುತ್ತವೆ. ಆಮ್ಲೀಯ ಫ್ಲೋರೈಡ್ ಜೆಲ್‌ಗಳು ಟೈಟಾನಿಯಂ ಪೊರೆಯನ್ನು ಕೆಡಿಸಬಲ್ಲವಾದ್ದರಿಂದ ಅವುಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಬಳಸಬೇಕು. ಆದರೆ ಈ ಭಯದಿಂದ ನಿತ್ಯದ ಫ್ಲೋರೈಡ್ ಟೂತ್‌ಪೇಸ್ಟನ್ನು ಬಿಡುವುದು ಸಲ್ಲದು. ಬ್ರಾಕೆಟ್ ಸುತ್ತ ಹಲ್ಲು ಹುಳುಕಾಗುವ ಅಪಾಯ ಕರಗುವ ಲೋಹದ ಅಪಾಯಕ್ಕಿಂತ ದೊಡ್ಡದು.