ಹತ್ತಕ್ಕೆ ಹತ್ತು, ಜೇಬಿಗೆ ಸೊನ್ನೆ

ಪಿ.ಟಿ. ಮೇಷ್ಟ್ರಾಗಿ ಹುಡುಗರಿಗೆ ಲಾಗ ಕಲಿಸಿದವನು ನಾನು. ಜಿಮ್ನಾಸ್ಟಿಕ್ಸ್ ನೆಚ್ಚಿಕೊಂಡರೆ ಹೆಸರು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಕಥೆ ಹೇಳುತ್ತೇನೆ.

1984ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಗಂಡಸರ ತಂಡ ಚಿನ್ನ ಗೆದ್ದದ್ದು ಆ ವಿಶ್ವವಿದ್ಯಾಲಯದ ಪಾಲಿ ಪೆವಿಲಿಯನ್‌ನಲ್ಲೇ. ತಂಡದಲ್ಲಿದ್ದ ಪೀಟರ್ ವಿಡ್ಮಾರ್, ಮಿಚ್ ಗೇಲಾರ್ಡ್, ಟಿಮ್ ಡ್ಯಾಗೆಟ್ ಅಲ್ಲೇ ಓದಿದವರು. ಗೇಲಾರ್ಡ್ ಸಿನಿಮಾ ನಾಯಕನೂ ಆದ. ಆದರೇನು, ಸುಮಾರು ಹತ್ತು ವರ್ಷಕ್ಕೆ ದುಡ್ಡಿಲ್ಲವೆಂದು ವಿಶ್ವವಿದ್ಯಾಲಯ ಗಂಡಸರ ತಂಡವನ್ನೇ ಮುಚ್ಚಿತು. ಹೆಂಗಸರ ತಂಡಕ್ಕೂ ಅದೇ ಗತಿ ಬರುವುದಿತ್ತು. ಶಿಕ್ಷಣದಲ್ಲಿ ಲಿಂಗಭೇದ ಕೂಡದೆನ್ನುವ 1972ರ ಕಾನೂನು ಅದನ್ನು ಉಳಿಸಿತು.

ಹಾಗೆ ಉಳಿದ ತಂಡದ ಹುಡುಗಿ ಕೇಟ್ಲಿನ್ ಓಹಾಶಿ. 2013ರ ಅಮೆರಿಕನ್ ಕಪ್‌ನಲ್ಲಿ ಮುಂದೆ ಜಗತ್ಪ್ರಸಿದ್ಧಳಾದ ಸಿಮೋನ್ ಬೈಲ್ಸ್‌ಳನ್ನೇ ಹಿಂದಿಕ್ಕಿದವಳು. ಬೆನ್ನು, ಭುಜ ಕೈಕೊಟ್ಟು ಒಲಿಂಪಿಕ್ಸ್ ಆಸೆ ಬಿಟ್ಟು ಕಾಲೇಜು ಸೇರಿದಳು. 2019ರ ಜನವರಿಯಲ್ಲಿ ಅನಾಹೈಮ್‌ನ ಕಾಲೇಜು ಸ್ಪರ್ಧೆಯಲ್ಲಿ ಮೈಕಲ್ ಜಾಕ್ಸನ್ ಹಾಡಿಗೆಲ್ಲ ಕುಣಿಯುತ್ತ, ಗಾಳಿಯಿಂದ ನೇರ ಕಾಲು ಚಾಚಿ ನೆಲಕ್ಕಿಳಿದು, ಅಲ್ಲಿಂದಲೇ ಪುಟಿದೆದ್ದಳು. ನನ್ನ ಶಿಷ್ಯರು ಯಾರಾದರೂ ಹಾಗೆ ಬಿದ್ದಿದ್ದರೆ ಆಟೋ ಕರೆಸುತ್ತಿದ್ದೆ! ಪಕ್ಕದಲ್ಲಿ ನಿಂತ ಗೆಳತಿಯರೂ ಅವಳ ಜೊತೆ ಹೆಜ್ಜೆ ಹಾಕುತ್ತಿದ್ದರು. ಸಿಕ್ಕ ಅಂಕ ಹತ್ತಕ್ಕೆ ಹತ್ತು. ಒಲಿಂಪಿಕ್ಸ್ ಮಟ್ಟದಲ್ಲಿ 2006ರಲ್ಲೇ ಕೈಬಿಟ್ಟ ಆ ಲೆಕ್ಕವನ್ನು ಅಮೆರಿಕದ ಕಾಲೇಜುಗಳು ಉಳಿಸಿಕೊಂಡಿವೆ. ಆಟದ ಗಂಧಗಾಳಿ ಇಲ್ಲದವರಿಗೂ ಹತ್ತು ಅಂದರೆ ಏನೆಂದು ಗೊತ್ತು. ಕೋಟಿಗಟ್ಟಲೆ ಜನ ಆ ವಿಡಿಯೋ ನೋಡಿದರು.

ದುಡ್ಡು? ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ನಿಯಮದ ಪ್ರಕಾರ ಆಟಗಾರರು ತಮ್ಮ ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ಒಂದು ಕಾಸೂ ಸಂಪಾದಿಸುವಂತಿರಲಿಲ್ಲ. ಓಹಾಶಿಯ ಕಾಲೇಜು ಆಟ ಮುಗಿದದ್ದು 2019ರಲ್ಲಿ. ಆ ನಿಯಮ ಸಡಿಲವಾದದ್ದು 2021ರ ಜುಲೈ 1ರಂದು. ಆಮೇಲೆ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಜಿಮ್ನಾಸ್ಟ್ ಲಿವ್ವಿ ಡನ್ ಜಾಹೀರಾತುಗಳಿಂದಲೇ ಕೋಟ್ಯಧಿಪತಿಯಾದಳು. 2024ರಲ್ಲಿ ಅವಳ ತಂಡ ಮೊದಲ ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಫೈನಲ್‌ನಲ್ಲಿ ಅವಳು ಕಣಕ್ಕೇ ಇಳಿದಿರಲಿಲ್ಲ. ಅವಳ ಸಂಪಾದನೆಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ದುಡಿದು ತಿನ್ನಲಿ. ಓಹಾಶಿಗೆ ಮಾತ್ರ ಎನ್‌ಸಿಎಎ ಮಾಡಿದ್ದು ಅನ್ಯಾಯ.